ಹಳೆಯ ಗಾಲ್ಫ್ ಕ್ಲಬ್‌ಗಳ ಕೊಳೆ, ತುಕ್ಕು ತೆಗೆಯುವುದು ಹೇಗೆ?

ಮೊದಲು ಕ್ಲಬ್‌ನ ತಲೆ ಲೋಹದ್ದೋ ಮರದ್ದೋ ನೋಡಿ. ಮರದ್ದಾದರೆ ನೆನೆಸಲೇಬೇಡಿ, ಉಬ್ಬಿ ಬಿರುಕು ಬಿಡುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿದರೆ ಸಾಕು.

ಐರನ್‌ಗಳನ್ನು (ಚಪ್ಪಟೆ ಲೋಹದ ತಲೆಯ ಕ್ಲಬ್‌ಗಳು) ಪಾತ್ರೆ ತೊಳೆಯುವ ಸೋಪು ಹಾಕಿದ ಉಗುರುಬೆಚ್ಚಗಿನ ನೀರಲ್ಲಿ 10 ನಿಮಿಷ ಇಡಿ. ತಲೆ ಮಾತ್ರ ಮುಳುಗಲಿ. ಮೇಲಿನ ಕಪ್ಪು ಪ್ಲಾಸ್ಟಿಕ್ ಉಂಗುರಕ್ಕೆ ನೀರು ಮುಟ್ಟದಿದ್ದರೆ ಒಳ್ಳೆಯದು. ಆಮೇಲೆ ಹಳೇ ಟೂತ್‌ಬ್ರಷ್‌ನಿಂದ ಚೆಂಡಿಗೆ ಬಡಿಯುವ ಮುಖದ ಮೇಲಿನ ಗೆರೆಗಳನ್ನು ಒಂದೊಂದಾಗಿ ಉಜ್ಜಿ. ಹುಲ್ಲು, ತೇವ ಜಾರಿಹೋಗಲೆಂದೇ ಇರುವ ಗೆರೆಗಳು ಮುಚ್ಚಿಹೋದರೆ ಚೆಂಡಿಗೆ ಸ್ಪಿನ್ ಎಲ್ಲಿಂದ ಬರಬೇಕು, ಅಲ್ವಾ?

ತುಕ್ಕಿಗೆ 0000 ನಂಬರಿನ ಸ್ಟೀಲ್ ವುಲ್ (ತುಂಬಾ ನಯವಾದ ಉಕ್ಕಿನ ನಾರು), ಒಂದು ಹನಿ ಎಣ್ಣೆ. ಹಗುರವಾಗಿ ಉಜ್ಜಿ, ಜಾಸ್ತಿ ಒತ್ತಿದರೆ ಕ್ರೋಮ್ ಮೇಲೆ ಗೀರು ಬೀಳುತ್ತದೆ. ಗ್ರಿಪ್ ಗಟ್ಟಿಯಾಗಿ ಹೊಳೆಯುತ್ತಿದ್ದರೆ ಸುಮ್ನೆ ತೊಳೆಯುತ್ತಾ ಕೂರಬೇಡಿ, ಬದಲಾಯಿಸಿ.