‘ಸಾಯಬೇಕು ಅನ್ಸುತ್ತಾ?’ ಎಂದು ಮಗನನ್ನು ಕೇಳಬಹುದೇ?

ಪ್ರಶ್ನೆ: ಮಗನಿಗೆ 16 ವರ್ಷ, ಮೊದಲ ಪಿಯುಸಿ. ಎರಡು ತಿಂಗಳಿಂದ ಕಾಲೇಜಿಗೆ ನೆಟ್ಟಗೆ ಹೋಗುತ್ತಿಲ್ಲ. ರಾತ್ರಿ ನಿದ್ದೆಯಿಲ್ಲ, ಮಾತಾಡಿಸಿದರೆ ಸಿಡುಕು. ಕಳೆದ ವಾರ ಯಾರಿಗೂ ಮುಟ್ಟಲು ಬಿಡದ ಬ್ಯಾಟನ್ನು ಚಿಕ್ಕಪ್ಪನ ಮಗನಿಗೆ ಕೊಟ್ಟುಬಿಟ್ಟ. ‘ನಾನಿಲ್ದಿದ್ರೆ ನಿಮಗೆ ಫೀಸಾದ್ರೂ ಉಳಿಯುತ್ತೆ’ ಅಂದ. ನಮ್ಮ ಯಜಮಾನರು ‘ವಯಸ್ಸಿನ ಕೊಬ್ಬು’ ಅನ್ನುತ್ತಾರೆ. ಅತ್ತೆ ತಡೆ ಒಡೆಸೋಣ ಅನ್ನುತ್ತಾರೆ. ಬಾಯಿಬಿಟ್ಟು ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದಂತಾಗುತ್ತದೆಯೇ?
– ಒಬ್ಬ ತಾಯಿ, ಮದ್ದೂರು ತಾಲ್ಲೂಕು

ಉತ್ತರ: ಇಲ್ಲ, ತುಂಬುವುದಿಲ್ಲ. ಇವತ್ತೇ ಕೇಳಿ. ಈ ವಯಸ್ಸಿನಲ್ಲಿ ಖಿನ್ನತೆ ಅಳುವಿಗಿಂತ ಸಿಡುಕಾಗಿಯೇ ಕಾಣುವುದು ಹೆಚ್ಚು. ಅದಕ್ಕೇ ಅಪ್ಪಂದಿರಿಗೆ ಅದು ಕೊಬ್ಬಿನಂತೆ ತೋರುತ್ತದೆ. ಎರಡು ವಾರ ದಾಟಿದರೆ ಅದು ಬರೀ ವಯಸ್ಸಿನ ಆಟವಲ್ಲ. ಇನ್ನು ಬ್ಯಾಟು ಕೊಟ್ಟಿದ್ದು, ಫೀಸಿನ ಮಾತು: ಇವೆರಡನ್ನೂ ನಾವು ಅಪಾಯದ ಸೂಚನೆ ಎಂದೇ ಎಣಿಸುತ್ತೇವೆ. ನಾಳೆ ಅವನು ಇದ್ದಕ್ಕಿದ್ದಂತೆ ಹಗುರವಾಗಿ, ನಗುನಗುತ್ತಾ ಓಡಾಡಿದರೂ ಸರಿಹೋಯಿತು ಅಂದುಕೊಳ್ಳಬೇಡಿ. ಕೆಲವೊಮ್ಮೆ ನಿರ್ಧಾರ ಮಾಡಿಕೊಂಡ ಮೇಲೂ ಹಾಗಾಗುತ್ತದೆ.

ಇಬ್ಬರೇ ಇರುವಾಗ, ‘ಮಗಾ, ಸತ್ತೋಗ್ಬೇಕು ಅಂತ ಅನ್ಸುತ್ತಾ?’ ಎಂದು ನೇರವಾಗಿ ಕೇಳಿ. ‘ಹಂಗೆಲ್ಲಾ ಏನೂ ಇಲ್ಲ ತಾನೇ?’ ಅಂತ ಕೇಳಿದರೆ ‘ಇಲ್ಲ’ ಎಂಬ ಉತ್ತರವನ್ನು ನೀವೇ ಬಾಯಿಗಿಟ್ಟ ಹಾಗೆ. ಕೇಳಿದ ಮೇಲೆ ಸುಮ್ಮನೆ ಕಾಯಿರಿ. ಅವನು ಹೌದು ಎಂದರೆ ಬುದ್ಧಿ ಹೇಳಬೇಡಿ, ಆಣೆ ಹಾಕಿಸಿಕೊಳ್ಳಬೇಡಿ, ಯಾರಿಗೂ ಹೇಳಲ್ಲ ಎಂದು ಮಾತೂ ಕೊಡಬೇಡಿ. ಹೇಗೆ, ಯಾವಾಗ ಎಂದು ಯೋಚಿಸಿದ್ದಾನೆಯೇ ಕೇಳಿ. ಯೋಚಿಸಿದ್ದರೆ ಒಬ್ಬನೇ ಬಿಡದೆ ಆ ಹೊತ್ತಿನಲ್ಲೇ ಮಂಡ್ಯದ ಮಿಮ್ಸ್ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ; ಬೇಕಾದರೆ 108ಕ್ಕೆ ಫೋನ್ ಮಾಡಿ. ಇಲ್ಲ ಎಂದರೂ ನಾಳೆಯೇ ಅಲ್ಲಿನ ಅಥವಾ ಮೈಸೂರು ಕೆ.ಆರ್. ಆಸ್ಪತ್ರೆಯ ಮನೋವೈದ್ಯ ವಿಭಾಗದಲ್ಲಿ ತೋರಿಸಿ. ತಡೆ ಆಮೇಲೆ ಒಡೆಸಿ, ತಕರಾರಿಲ್ಲ. ಏನು ಮಾಡಲೂ ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಕರೆ ಮಾಡಿ: ಹಗಲು ರಾತ್ರಿ ಸಿಗುತ್ತದೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಅಷ್ಟರಲ್ಲಿ ಮನೆ ನೋಡಿ. ಗದ್ದೆಗೆ, ಕಬ್ಬಿಗೆ ಹೊಡೆಯುವ ಔಷಧಿ ಮನೆಯಲ್ಲಾಗಲಿ ಕೊಟ್ಟಿಗೆಯಲ್ಲಾಗಲಿ ಬೇಡ, ನಂಬಿಕಸ್ಥ ನೆಂಟರ ಮನೆಗೆ ಸಾಗಿಸಿ. ಬೀಗ ಹಾಕಿ ಕೀಲಿಕೈಯನ್ನು ಗೂಟಕ್ಕೆ ನೇತುಹಾಕಿದರೆ ಏನು ಬಂತು? ಅತ್ತೆಯವರ ಬಿಪಿ, ಶುಗರ್ ಮಾತ್ರೆಯನ್ನೂ ನೀವೇ ಇಟ್ಟುಕೊಂಡು ದಿನದ್ದು ದಿನಕ್ಕೆ ಕೊಡಿ. ಆತುರದ ಆ ಗಳಿಗೆ ಹೆಚ್ಚಾಗಿ ಬಂದು ಹೋಗುವಂಥದ್ದು. ಆಗ ಕೈಗೆ ಏನೂ ಸಿಗದಿದ್ದರೆ ಜೀವ ಉಳಿಯುತ್ತದೆ.

ಪೊಲೀಸ್ ಕೇಸಿನ ಹೆದರಿಕೆಯಿಂದ ಯಾವುದನ್ನೂ ವೈದ್ಯರಿಂದ ಮುಚ್ಚಿಡಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆ, ಆತ್ಮಹತ್ಯೆಗೆ ಪ್ರಯತ್ನಿಸಿದವರನ್ನೂ ಅಪರಾಧಿಗಳೆಂದಲ್ಲ, ತೀವ್ರ ಒತ್ತಡದಲ್ಲಿದ್ದವರೆಂದೇ ಪರಿಗಣಿಸುತ್ತದೆ.

ಮಾತ್ರೆ ಬರೆದುಕೊಟ್ಟರೆ ಮನಸ್ಸು ತಿಳಿಯಾಗಲು ಎರಡರಿಂದ ಆರು ವಾರ ಹಿಡಿಯಬಹುದು. ಮೊದಮೊದಲ ವಾರಗಳಲ್ಲಿ ಹುಡುಗರಲ್ಲಿ ಚಡಪಡಿಕೆ, ಸಾವಿನ ಯೋಚನೆ ಹೆಚ್ಚುವುದೂ ಉಂಟು. ಹಾಗೆ ಕಂಡರೆ ಮುಂದಿನ ತಾರೀಖಿಗೆ ಕಾಯದೆ ಅವತ್ತೇ ವೈದ್ಯರಿಗೆ ತಿಳಿಸಿ, ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ.