ನಿಮ್ಮ ಲೇಖನ ಶುರುವಾಗುವುದು ಮೂರನೇ ಪುಟದಲ್ಲಿ

ನಮಸ್ಕಾರ.

‘ಯಾವ ಫ್ಯಾಂಟಸಿಗೆ ಯಾವ ಆಟ?’ ಲೇಖನ ತಲುಪಿತು. ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಹಾಕಲು ಆಗುವುದಿಲ್ಲ. ಆದರೆ ಸುಮ್ನೆ ‘ವಿಷಾದಿಸುತ್ತೇವೆ’ ಎಂದು ಒಂದು ಸಾಲು ಬರೆದು ವಾಪಸ್ ಕಳಿಸಲು ಮನಸ್ಸು ಬರಲಿಲ್ಲ. ಗೇಮ್ ಮಾಸ್ಟರ್ ಎಂಬ ಒಬ್ಬರು ಲೋಕ ನಡೆಸುವ, ಉಳಿದವರು ಒಂದೊಂದು ಪಾತ್ರವಾಗಿ ಮಾತಾಡುತ್ತಾ ದಾಳ ಉರುಳಿಸುವ ಈ ಮೇಜಿನ ಆಟಗಳ ಬಗ್ಗೆ ಕನ್ನಡದಲ್ಲಿ ಬರೆಯುವವರು ತೀರಾ ಕಡಿಮೆ. ನಾನೂ ಎಷ್ಟೋ ಭಾನುವಾರಗಳನ್ನು ಇಂಥ ಮೇಜಿನ ಸುತ್ತ ಕಳೆದವನು. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಲೇಖನದಲ್ಲಿ ಹನ್ನೊಂದು ಆಟಗಳಿವೆ. ಒಂದೊಂದಕ್ಕೂ ನಾಲ್ಕು ಸಾಲು. ಯಾರು ಮಾಡಿದ್ದು, ಯಾವ ಲೋಕ, ಎಷ್ಟು ಮುಖದ ದಾಳ, ಅಷ್ಟೇ. ಕೊನೆಗೆ ‘ನಿಯಮ ಬರೀ ಲೆಕ್ಕ, ಒಳ್ಳೆಯ ಗೇಮ್ ಮಾಸ್ಟರ್ ಇದ್ದರೆ ಯಾವ ಆಟದಲ್ಲಿ ಯಾವ ಕಥೆ ಬೇಕಾದರೂ ಹೇಳಬಹುದು’ ಎಂದು ಮುಗಿಸಿದ್ದೀರಿ. ಹಾಗಿದ್ದರೆ ಹನ್ನೊಂದು ಆಟ ಯಾಕೆ? ಒಂದೇ ಸಾಕಿತ್ತಲ್ವಾ? ನಿಮ್ಮ ಕೊನೆಯ ಸಾಲು ನಿಮ್ಮ ತಲೆಬರಹವನ್ನೇ ಸುಳ್ಳು ಮಾಡುತ್ತದೆ.

ಈಗ ಮೂರನೇ ಪುಟಕ್ಕೆ ಬನ್ನಿ. ಅಲ್ಲಿ ನಿಮ್ಮದೇ ಮೇಜಿನ ಒಂದು ಘಟನೆ ಇದೆ. ಅಳಿಯುತ್ತಿರುವ ರಾಜಮನೆತನವೊಂದರ ದುರಂತ ಕಥೆಯನ್ನು ನೀವು ನಾಲ್ಕು ತಿಂಗಳು ನಡೆಸಿದಿರಿ. ಆಡಿದ್ದು ಡಂಜನ್ಸ್ ಅಂಡ್ ಡ್ರಾಗನ್ಸ್‌ನ 2014ರ ಆವೃತ್ತಿ. ಯುವರಾಜ ತಮ್ಮನ ಬಾಣಕ್ಕೆ ಬಿದ್ದ. ಯಾರೂ ಮಾತಾಡಲಿಲ್ಲ. ಆಗ ಅರ್ಚಕನ ಪಾತ್ರ ಆಡುತ್ತಿದ್ದ ಗೆಳೆಯ ‘ನನ್ನ ಹತ್ರ ವಜ್ರ ಇದೆ’ ಎಂದ. ಯುವರಾಜ ಎದ್ದು ಕೂತ. ಇದನ್ನು ನೀವು ‘ತಮಾಷೆಯ ಪ್ರಸಂಗ’ ಎಂದು ಕರೆದು ಮುಂದೆ ಹೋಗಿದ್ದೀರಿ.

ನನಗೆ ಅದು ತಮಾಷೆ ಅನ್ನಿಸಲಿಲ್ಲ. ನಿಮ್ಮ ಲೇಖನದ ಜೀವ ಇರುವುದೇ ಅಲ್ಲಿ. ಗೆಳೆಯನ ತಪ್ಪೇನೂ ಇಲ್ಲ. ಆ ಆವೃತ್ತಿಯಲ್ಲಿ ಐದನೇ ಹಂತ ತಲುಪಿದ ಅರ್ಚಕನಿಗೆ, ಸತ್ತು ಒಂದು ನಿಮಿಷ ಮೀರದವರನ್ನು ಎಬ್ಬಿಸುವ ಮಂತ್ರ ಸಿಗುತ್ತದೆ. ಖರ್ಚು ಮುನ್ನೂರು ಚಿನ್ನದ ನಾಣ್ಯ ಬೆಲೆಯ ವಜ್ರ. ಪುಸ್ತಕ ಕೊಟ್ಟಿದ್ದನ್ನು ಅವನು ಬಳಸಿದ. ಸಾವನ್ನು ಹಣ ಕೊಟ್ಟು ತಿರುಗಿಸಬಹುದಾದ ಲೋಕದಲ್ಲಿ ನೀವು ದುರಂತ ಕಟ್ಟಲು ಹೊರಟಿದ್ದಿರಿ. ಗೇಮ್ ಮಾಸ್ಟರ್ ಆಗಿ ನೀವು ಚೆನ್ನಾಗಿಯೇ ನಡೆಸಿದ್ದೀರಿ. ನಾಲ್ಕು ತಿಂಗಳ ಕೆಲಸವನ್ನು ಒಂದು ನಿಯಮ ಅಳಿಸಿ ಹಾಕಿತು.

ಆ ಮಂತ್ರ ತೆಗೆದು ಹಾಕಿದ್ದರೆ ಆಗುತ್ತಿತ್ತಲ್ಲ ಎನ್ನಬಹುದು. ಆಗುತ್ತಿತ್ತು. ಆದರೆ ತೆಗೆದ ಕ್ಷಣವೇ ನಿಯಮಕ್ಕೂ ಕಥೆಗೂ ನಂಟಿದೆ ಎಂದು ನೀವೇ ಒಪ್ಪಿಕೊಂಡಂತೆ.

ಇನ್ನು ಒಂದು ತಪ್ಪು. ‘1974ರಿಂದ ಇವತ್ತಿನವರೆಗೂ ಡಂಜನ್ಸ್ ಅಂಡ್ ಡ್ರಾಗನ್ಸ್ ಅಂದರೆ ರಾಕ್ಷಸರನ್ನು ಕೊಲ್ಲುವ ಆಟ’ ಎಂದು ಬರೆದಿದ್ದೀರಿ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅದನ್ನು ಹೊರತಂದ ವರ್ಷ ಸರಿ, ಉಳಿದದ್ದು ಸರಿಯಲ್ಲ. ಅದೇ ಆಟದ 1981ರ ಬೇಸಿಕ್ ನಿಯಮಪುಸ್ತಕ ತೆಗೆದು ಲೆಕ್ಕ ಹಾಕಿ ನೋಡಿ. ಯೋಧನೊಬ್ಬ ಎರಡನೇ ಹಂತಕ್ಕೆ ಏರಲು 2,000 ಅನುಭವದ ಅಂಕ ಬೇಕು. ಓರ್ಕ್ ಎಂಬ ರಾಕ್ಷಸನೊಬ್ಬನನ್ನು ಸೋಲಿಸಿದರೆ ಹತ್ತು ಅಂಕ. ಅಂದರೆ ಇನ್ನೂರು ಓರ್ಕ್‌ಗಳು! ಯೋಧನ ಜೀವವೋ, ಎಂಟು ಮುಖದ ದಾಳ ಒಂದು ಸಲ ಉರುಳಿಸಿದಾಗ ಬಂದಷ್ಟು. ಅದು ಸೊನ್ನೆಯಾದರೆ ಸತ್ತ. ಇಡೀ ದಿನ ಮಲಗಿ ಸುಧಾರಿಸಿಕೊಂಡರೂ ವಾಪಸ್ ಬರುವುದು ಒಂದರಿಂದ ಮೂರು. ಆದರೆ ಗುಹೆಯಿಂದ ಹೊತ್ತು ತಂದ ಒಂದೊಂದು ಚಿನ್ನದ ನಾಣ್ಯಕ್ಕೂ ಒಂದು ಅಂಕವಿದೆ. ಬುದ್ಧಿ ಇದ್ದವರು ಏನು ಮಾಡುತ್ತಾರೆ? ಓರ್ಕ್‌ಗಳು ಮಲಗುವವರೆಗೆ ಕಾಯುತ್ತಾರೆ, ಪೆಟ್ಟಿಗೆ ಎತ್ತಿಕೊಂಡು ಓಡುತ್ತಾರೆ. ಅದು ಕಳ್ಳರ, ಸಾಹಸಿಗರ, ಹೊಟ್ಟೆಪಾಡಿನ ಫ್ಯಾಂಟಸಿ.

ಅದೇ ಲೆಕ್ಕವನ್ನು 2014ರ ಆವೃತ್ತಿಯಲ್ಲಿ ಮಾಡಿ. ಎರಡನೇ ಹಂತಕ್ಕೆ 300 ಅಂಕ, ಒಬ್ಬ ಓರ್ಕ್‌ಗೆ ನೂರು. ಮೂರೇ ಓರ್ಕ್. ಚಿನ್ನಕ್ಕೆ ಅಂಕವೇ ಇಲ್ಲ. ಒಂದು ರಾತ್ರಿ ಸರಿಯಾಗಿ ವಿಶ್ರಾಂತಿ ತೆಗೆದುಕೊಂಡರೆ ಕಳೆದ ಜೀವ ಪೂರ್ತಿ ವಾಪಸ್. ಇಲ್ಲಿ ಹೆದರಿ ಓಡುವವರು ಯಾರು? ಇದು ವೀರರ ಕಥೆ. ಎರಡರ ಮೇಲೂ ಒಂದೇ ಹೆಸರಿದೆ, ಎರಡರಲ್ಲೂ ಓರ್ಕ್ ಇದ್ದಾನೆ. ಆಡುವವರ ನಡತೆ ಮಾತ್ರ ಪೂರ್ತಿ ಬೇರೆ. ಈ ಲೆಕ್ಕ ನನಗೆ ನಿಮ್ಮ ಹನ್ನೊಂದು ಪರಿಚಯಗಳಿಗಿಂತ ಜಾಸ್ತಿ ಹೇಳುತ್ತದೆ.

ಹಾಗಾದರೆ ನಿಮ್ಮ ಯುವರಾಜ ಎಲ್ಲಿ ಸಾಯಬೇಕಿತ್ತು? ನೀವು ನಾಲ್ಕೇ ಸಾಲಿನಲ್ಲಿ ಮುಗಿಸಿದ ಪೆಂಡ್ರಾಗನ್‌ನಲ್ಲಿ. ಗ್ರೆಗ್ ಸ್ಟಾಫರ್ಡ್ 1985ರಲ್ಲಿ ಆರ್ಥರ್ ರಾಜನ ಕಥೆಗಳಿಗೆಂದೇ ಮಾಡಿದ ಆಟ ಅದು. ಅದರಲ್ಲಿ ಸ್ವಭಾವಗಳ ಹದಿಮೂರು ಜೋಡಿಗಳಿವೆ. ದಯೆ–ಕ್ರೌರ್ಯ, ಕ್ಷಮೆ–ಸೇಡು, ವಿನಯ–ಗರ್ವ, ಹೀಗೆ. ಪ್ರತಿ ಜೋಡಿಯ ಮೊತ್ತ ಇಪ್ಪತ್ತು. ದಯೆ ಹದಿನಾರಾದರೆ ಕ್ರೌರ್ಯ ನಾಲ್ಕು. ಹದಿನಾರು ಮುಟ್ಟಿತೆಂದರೆ ಆ ಗುಣಕ್ಕೆ ನೀವು ಹೆಸರುವಾಸಿ. ಇಕ್ಕಟ್ಟು ಬಂದಾಗ ಇಪ್ಪತ್ತು ಮುಖದ ದಾಳ ಉರುಳಿಸಬೇಕು. ಹದಿನಾರೋ ಅದಕ್ಕಿಂತ ಕಡಿಮೆಯೋ ಬಿದ್ದರೆ ನಿಮ್ಮ ಪಾತ್ರ ದಯೆ ತೋರಿಸಲೇಬೇಕು.

ನಮ್ಮ ಮೇಜಿನಲ್ಲಿ ಒಬ್ಬ ಗೆಳತಿ ದಯೆ ಹದಿನಾರಿದ್ದ ನೈಟ್ (ರಾಜನ ಸವಾರ ಯೋಧ) ಆಗಿ ಆಡುತ್ತಿದ್ದಳು. ಅವಳ ಪಾತ್ರದ ಅಪ್ಪನ ಕೋಟೆ ಸುಟ್ಟವನು ಕೈಗೆ ಸಿಕ್ಕಿಬಿದ್ದ. ತಲೆ ಕಡಿಯುತ್ತೇನೆ ಎಂದಳು. ದಾಳ ಹಾಕು ಎಂದೆವು. ಹನ್ನೊಂದು ಬಿತ್ತು. ಎರಡು ನಿಮಿಷ ಅವಳಿಗೆ ನಮ್ಮ ಮೇಲೆಲ್ಲ ಕೋಪ. ಆಮೇಲೆ ನಿಧಾನಕ್ಕೆ ಹೇಳಿದಳು: ‘ಹಗ್ಗ ಬಿಚ್ಚುತ್ತೇನೆ. ಆದರೆ ಅವನ ಮುಖ ನೋಡುವುದಿಲ್ಲ.’ ಈ ಮಾತನ್ನು ಯಾವ ಗೇಮ್ ಮಾಸ್ಟರ್ ಕೂಡ ಅವಳ ಬಾಯಿಂದ ಹೊರಡಿಸಲು ಆಗುತ್ತಿರಲಿಲ್ಲ. ಆ ಆಟದಲ್ಲಿ ಸಾಮಾನ್ಯವಾಗಿ ವರ್ಷಕ್ಕೆ ಒಂದು ಸಾಹಸ, ಚಳಿಗಾಲಕ್ಕೆ ಮನೆ. ಪಾತ್ರಕ್ಕೆ ವಯಸ್ಸಾಗುತ್ತದೆ, ಸತ್ತರೆ ಅದರ ಮಗನಾಗಿ ಆಟ ಮುಂದುವರಿಸುತ್ತೀರಿ. ಅವಳು ಬಿಟ್ಟು ಕಳಿಸಿದವನು ಮಗನ ಕಾಲದಲ್ಲಿ ದಂಡು ಕಟ್ಟಿಕೊಂಡು ವಾಪಸ್ ಬಂದ. ರಾಜಮನೆತನದ ದುರಂತಕ್ಕೆ ಬೇಕಾದ ಕಟ್ಟಡ ಅಲ್ಲಿ ಸಿದ್ಧವಾಗಿಯೇ ಇದೆ.

ಮೂರನೆಯದೊಂದು ಬೇಕಿದ್ದರೆ ಟೋಲ್ಕಿನ್ ಕಥೆಗಳ ಲೋಕದಲ್ಲಿ ನಡೆಯುವ 2011ರ ದಿ ಒನ್ ರಿಂಗ್ ಇಟ್ಟುಕೊಳ್ಳಿ. ಅಲ್ಲಿ ಪ್ರಯಾಣವೇ ಆಟ. ದಾರಿ ತೋರುವವರು, ಬೇಟೆಯಾಡುವವರು, ಕಾವಲಿರುವವರು, ಮುಂದೆ ಹೋಗಿ ನೋಡಿ ಬರುವವರು ಎಂದು ಕೆಲಸ ಹಂಚಿಕೊಂಡು ಹೊರಡಬೇಕು. ಭರವಸೆ ಖರ್ಚಾಗುತ್ತಾ ಹೋಗುತ್ತದೆ, ಮನಸ್ಸಿನ ಮೇಲೆ ನೆರಳು ಸೇರುತ್ತಾ ಹೋಗುತ್ತದೆ. ಎರಡಕ್ಕೂ ಅಂಕಗಳಿವೆ. ದಣಿವು ಮತ್ತು ವಿಷಾದದ ಕಥೆಗೆ ಇಷ್ಟು ಹೇಳಿದರೆ ಸಾಕು. ಕಾಲ್ ಆಫ್ ಕ್ತುಲು ಬಿಟ್ಟುಬಿಡಿ. ಅದು ಭಯದ ಆಟ, ಬೇರೆಯೇ ಲೇಖನ ಬೇಡುತ್ತದೆ. ಉಳಿದವನ್ನೂ ತೆಗೆಯಿರಿ.

ಭಾಷೆಯ ಬಗ್ಗೆ ಒಂದು ಮಾತು. ‘ವಿಂಶತಿಮುಖ ಅಕ್ಷ’, ‘ಪಾತ್ರನಿರ್ವಹಣಾ ಮೇಜುಕ್ರೀಡೆ’ ನನಗೇ ಅರ್ಥವಾಗಲು ಹೊತ್ತು ಹಿಡಿಯಿತು. ನಿಮ್ಮ ಮೇಜಿನಲ್ಲಿ ಯಾರೂ ಹೀಗೆ ಮಾತಾಡುವುದಿಲ್ಲ. ನಾಲ್ಕೈದು ಜನ ಸುತ್ತ ಕೂರುತ್ತಾರೆ, ಒಬ್ಬರು ಲೋಕವನ್ನು ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರವಾಗಿ ಮಾತಾಡುತ್ತಾರೆ, ಏನಾಗುತ್ತದೋ ಗೊತ್ತಿಲ್ಲದಾಗ ದಾಳ ಉರುಳಿಸುತ್ತಾರೆ. ಆಟ ಗೊತ್ತಿಲ್ಲದ ಓದುಗರಿಗೆ ಇಷ್ಟೇ ಹೇಳಿ.

ಯುವರಾಜನಿಂದ ಶುರು ಮಾಡಿ ಮತ್ತೆ ಬರೆಯಿರಿ. ಸಾವಿರದ ಇನ್ನೂರು ಪದ ಸಾಕು. ನಾನು ಖಂಡಿತ ಓದುತ್ತೇನೆ. ಹಾಂ, ಬರೆಯುವಾಗ ಆ ಗೆಳೆಯನಿಗೆ ಒಂದು ಫೋನ್ ಮಾಡಿ. ವಜ್ರವನ್ನು ಎಷ್ಟು ದಿನದಿಂದ ಜೇಬಿನಲ್ಲಿ ಇಟ್ಟುಕೊಂಡಿದ್ದ, ಯಾರಿಗೆಂದು ಇಟ್ಟುಕೊಂಡಿದ್ದ ಕೇಳಿ. ಅವನು ಹೇಳಿದ್ದನ್ನೂ ಸೇರಿಸಿ ಕಳಿಸಿ.