ಕಮಿಷನ್ ಸ್ಥಾನಕ್ಕೆ ಅರ್ಜಿ ಹಾಕಿದವರಲ್ಲಿ ಸಂದರ್ಶನಕ್ಕೆ ಯಾರನ್ನು ಕರೆಯಬೇಕೆಂದು ಸಿಟಿ ಕೌನ್ಸಿಲ್ ಹೇಗೆ ನಿರ್ಧರಿಸುತ್ತದೆ?

ಎರಡು ದಶಕ ಕಟ್ಟಡ ವಿನ್ಯಾಸ ಮಾಡಿದ ನಿಮ್ಮನ್ನು ಪ್ಲಾನಿಂಗ್ ಕಮಿಷನ್ನಿನ, ಅಂದರೆ ನಗರದ ಕಟ್ಟಡ ಯೋಜನೆಗಳನ್ನು ಪರಿಶೀಲಿಸುವ ನಿವಾಸಿಗಳ ಸಮಿತಿಯ, ಸಂದರ್ಶನಕ್ಕೂ ಕರೆಯದೆ, ಆ ಕ್ಷೇತ್ರದ ಗಂಧಗಾಳಿಯೂ ಇಲ್ಲದ ನಿವೃತ್ತ ಶಿಕ್ಷಕಿಯೊಬ್ಬರನ್ನು ಕರೆದದ್ದು ಏಕೆಂದು ಕೇಳಿದ್ದೀರಿ. ಕ್ಯಾಲಿಫೋರ್ನಿಯಾದ್ದೇ ಇನ್ನೊಂದು ನಗರದಲ್ಲಿ ವಾಸಿಸುವ ನನಗೂ ಹಿಂದೆ ಇದೇ ಆಗಿತ್ತು, ನಾನೂ ಆಗ ನಿಮ್ಮ ಹಾಗೆಯೇ ನೊಂದಿದ್ದೆ.

ನಾನು ಸಾರಿಗೆ ಎಂಜಿನಿಯರ್. ನಮ್ಮ ನಗರದ ಅರ್ಜಿ ನಮೂನೆಯ ಮೊದಲ ಪುಟದಲ್ಲಿಯೇ ಎಲ್ಲ ಕಮಿಷನ್‌ಗಳ ಹೆಸರುಗಳಿದ್ದವು, ಪ್ರತಿಯೊಂದರ ಮುಂದೆಯೂ ಗುರುತು ಹಾಕಲು ಒಂದು ಚೌಕವಿತ್ತು. ನಾನು ಪ್ಲಾನಿಂಗ್, ಟ್ರಾಫಿಕ್, ಪಾರ್ಕ್ಸ್ ಮತ್ತು ಲೈಬ್ರರಿ, ಈ ನಾಲ್ಕಕ್ಕೂ ಗುರುತು ಹಾಕಿದೆ. ಎಲ್ಲಿ ಜನ ಬೇಕೋ ಅಲ್ಲಿ ದುಡಿಯಲು ಸಿದ್ಧನಿದ್ದೇನೆ ಎಂಬುದನ್ನು ಇದಕ್ಕಿಂತ ಚೆನ್ನಾಗಿ ಹೇಳಲಾರೆ ಎಂದು ಭಾವಿಸಿದ್ದೆ. ‘ಈ ಕಮಿಷನ್ನಿನಲ್ಲಿ ಏಕೆ ಸೇವೆ ಸಲ್ಲಿಸಬಯಸುತ್ತೀರಿ?’ ಎಂಬ ಪ್ರಶ್ನೆಗೆ, ನಾಲ್ಕಕ್ಕೂ ಹೊಂದುವಂತೆ, ಸಮುದಾಯದ ಋಣ ತೀರಿಸುವ ಆಸೆಯ ಬಗ್ಗೆ ಒಂದೇ ಉತ್ತರ ಬರೆದು, ಜೊತೆಗೆ ಉದ್ದನೆಯ ರೆಸ್ಯೂಮೆ ಲಗತ್ತಿಸಿದೆ.

ನನ್ನನ್ನು ಕೆಡಿಸಿದ್ದು ಆ ನಾಲ್ಕು ಗುರುತುಗಳೇ. ಅದು ಹೇಗೆಂದು ನಾನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ನಿಮ್ಮ ಪ್ರಶ್ನೆಯಲ್ಲಿ ‘ಬೇರೆ ಎರಡು ಕಮಿಷನ್‌ಗಳಿಗೂ ಒಪ್ಪಿಗೆ ಸೂಚಿಸಿದ್ದೆ’ ಎಂಬ ಮಾತನ್ನು ಓದಿದಾಗ ನನಗೆ ಅದೇ ನೆನಪಾಯಿತು. ನಮ್ಮಲ್ಲಿ ಐವರು ಕೌನ್ಸಿಲ್ ಸದಸ್ಯರು. ಅರ್ಜಿಗಳು ಹೆಚ್ಚಾಗಿ ಎಲ್ಲರನ್ನೂ ಸಂದರ್ಶಿಸಲು ಸಾಧ್ಯವಾಗದಿದ್ದಾಗ, ಸಿಟಿ ಕ್ಲರ್ಕ್ (ನಗರದ ದಾಖಲೆಗಳನ್ನು ನೋಡಿಕೊಳ್ಳುವ ಅಧಿಕಾರಿ) ಪ್ರತಿ ಕಮಿಷನ್ನಿಗೂ ಪ್ರತ್ಯೇಕವಾಗಿ ಅರ್ಜಿದಾರರ ಪಟ್ಟಿ ಮಾಡಿ ಐವರಿಗೂ ಕೊಡುತ್ತಾರೆ, ಅವರು ತಾವು ಭೇಟಿಯಾಗಬಯಸುವ ಹೆಸರುಗಳಿಗೆ ಗುರುತು ಹಾಕುತ್ತಾರೆ, ಒಂದು ಪಟ್ಟಿಯಲ್ಲಿ ಕನಿಷ್ಠ ಇಬ್ಬರ ಗುರುತು ಬಿದ್ದವರಿಗೆ ಮಾತ್ರ ಸಂದರ್ಶನ. ನನ್ನ ಹೆಸರು ನಾಲ್ಕು ಪಟ್ಟಿಗಳಲ್ಲಿತ್ತು. ಒಬ್ಬ ಸದಸ್ಯರು ನನ್ನನ್ನು ಟ್ರಾಫಿಕ್ ಪಟ್ಟಿಯಲ್ಲಿ ಗುರುತಿಸಿದ್ದರು, ಇನ್ನೊಬ್ಬರು ಪ್ಲಾನಿಂಗ್ ಪಟ್ಟಿಯಲ್ಲಿ, ಮತ್ತೊಬ್ಬರು ಪಾರ್ಕ್ಸ್ ಪಟ್ಟಿಯಲ್ಲಿ. ಅಂದರೆ ಐವರಲ್ಲಿ ಮೂವರು, ಬಹುಮತದಷ್ಟು ಜನ, ನನ್ನನ್ನು ಎಲ್ಲೋ ಒಂದು ಕಡೆ ಬಯಸಿದ್ದರು, ಆದರೆ ಒಂದೇ ಕಡೆ ಇಬ್ಬರು ಬಯಸಿರಲಿಲ್ಲ. ಆ ಮೂರು ಗುರುತುಗಳು ಟ್ರಾಫಿಕ್ ಪಟ್ಟಿಯೊಂದರಲ್ಲೇ ಬಿದ್ದಿದ್ದರೆ ಸಂದರ್ಶನ ಖಚಿತವಾಗಿರುತ್ತಿತ್ತು. ಆದ್ಯತೆಯ ಕ್ರಮವನ್ನಾದರೂ ನಾನು ಬರೆಯಬಹುದಾಗಿತ್ತು, ಅದನ್ನೂ ಬರೆದಿರಲಿಲ್ಲ. ಅವರಲ್ಲಿ ಒಬ್ಬರನ್ನು ಆಮೇಲೆ ಮಾತನಾಡಿಸಿದಾಗ, ‘ನಿಮ್ಮನ್ನು ಟ್ರಾಫಿಕ್ ಪಟ್ಟಿಯಲ್ಲಿ ಉಳಿದ ಸದಸ್ಯರು ಖಂಡಿತ ಗುರುತಿಸುತ್ತಾರೆಂದು ಭಾವಿಸಿ, ಅಲ್ಲಿ ನನ್ನ ಗುರುತನ್ನು ಬೇರೆ ಅರ್ಜಿದಾರರಿಗೆ ಉಳಿಸಿದೆ’ ಎಂದರು. ಅವರು ಸುಳ್ಳು ಹೇಳುತ್ತಿರಲಿಲ್ಲ. ತನಗೆ ಬೇಕಾದ ಸ್ಥಾನ ಯಾವುದೆಂದು ಅರ್ಜಿದಾರ ಹೇಳದಿದ್ದರೆ ಆ ನಿರ್ಧಾರವನ್ನು ಐವರು ಐದು ರೀತಿಯಲ್ಲಿ ಮಾಡುತ್ತಾರೆ.

ಈಗ ನಿಮ್ಮ ಪ್ರಶ್ನೆಯ ಬುಡಕ್ಕೆ ಬರುತ್ತೇನೆ. ಹೆಚ್ಚು ಅರ್ಹತೆಯುಳ್ಳವರನ್ನು ಮೊದಲು ಕರೆಯಬೇಕು ಎಂಬ ನಂಬಿಕೆಯ ಮೇಲೆ ನೀವು ಪ್ರಶ್ನೆ ಕೇಳಿದ್ದೀರಿ, ಆ ನಂಬಿಕೆಯನ್ನು ನಾನು ಒಪ್ಪುವುದಿಲ್ಲ. ಇದು ಉದ್ಯೋಗದ ನೇಮಕಾತಿಯಲ್ಲ. ಕೌನ್ಸಿಲ್ಲಿಗೆ ತಜ್ಞರು ಬೇಕಾದರೆ ಸಂಬಳದ ಪ್ಲಾನರ್‌ಗಳು, ಎಂಜಿನಿಯರ್‌ಗಳು ಸಿಟಿ ಹಾಲ್‌ನಲ್ಲಿಯೇ ಇದ್ದಾರೆ. ಕಮಿಷನ್ನಿನಲ್ಲಿ ಅದಕ್ಕೆ ಬೇಕಾಗಿರುವುದು, ಆ ತಜ್ಞರು ಬರೆದ ವರದಿಯನ್ನು ಪೂರ್ತಿ ಓದಿ, ತಡರಾತ್ರಿಯವರೆಗೆ ಕುಳಿತು, ಕೋಪಗೊಂಡ ನೆರೆಹೊರೆಯವರ ಮಾತನ್ನು ತಾಳ್ಮೆಯಿಂದ ಕೇಳಿ, ತನ್ನ ತೀರ್ಮಾನದ ಕಾರಣವನ್ನು ಬಹಿರಂಗವಾಗಿ ಹೇಳಬಲ್ಲ ನಿವಾಸಿ. ಜೊತೆಗೆ, ಈಗಿರುವ ಸದಸ್ಯರು ಯಾವ ಬಡಾವಣೆಯವರು, ಬಾಡಿಗೆದಾರರು ಒಬ್ಬರಾದರೂ ಇದ್ದಾರೆಯೇ, ಮತ್ತೊಂದು ಅವಧಿ ಕೇಳುತ್ತಿರುವ ಹಾಲಿ ಸದಸ್ಯರ ಹಾಜರಾತಿ ಹೇಗಿದೆ ಎಂಬುದನ್ನೂ ನೋಡುತ್ತಾರೆ. ಆ ಶಿಕ್ಷಕಿ ಇಂತಹ ಯಾವುದೋ ಖಾಲಿ ಜಾಗವನ್ನು ತುಂಬಿದ್ದಿರಬಹುದು. ಅದರಲ್ಲಿ ನನಗೆ ಅನ್ಯಾಯ ಕಾಣುವುದಿಲ್ಲ, ನಗರ ಅವರದೂ ಹೌದು.

ನಿಮ್ಮ ಅನುಭವವೇ ನಿಮಗೆ ಭಾರವಾಗಿರುವ ಸಾಧ್ಯತೆಯೂ ಇದೆ. ‘ಈ ನಗರದಲ್ಲಿಯೇ ನನಗೆ ಅನೇಕ ಗ್ರಾಹಕರಿದ್ದಾರೆ’ ಎಂದು ಅರ್ಜಿಯಲ್ಲಿ ಬರೆದಿರುವುದಾಗಿ ಹೇಳಿದ್ದೀರಿ. 1974ರ ಪೊಲಿಟಿಕಲ್ ರಿಫಾರ್ಮ್ ಆ್ಯಕ್ಟ್ ಪ್ರಕಾರ ಪ್ಲಾನಿಂಗ್ ಕಮಿಷನ್ ಸದಸ್ಯರು ‘ಫಾರ್ಮ್ 700’ ಎಂಬ ಆರ್ಥಿಕ ಹಿತಾಸಕ್ತಿಗಳ ಘೋಷಣೆಯನ್ನು ಸಲ್ಲಿಸಬೇಕು, ಅದನ್ನು ಯಾರು ಬೇಕಾದರೂ ಓದಬಹುದು. ಹಿಂದಿನ 12 ತಿಂಗಳಲ್ಲಿ 500 ಡಾಲರ್ ಅಥವಾ ಅದಕ್ಕಿಂತ ಹೆಚ್ಚು ಆದಾಯ ಕೊಟ್ಟ ಗ್ರಾಹಕರ ಯೋಜನೆ ಮುಂದೆ ಬಂದರೆ ಸಾಮಾನ್ಯವಾಗಿ ಸದಸ್ಯರು ಆ ವಿಷಯದಿಂದ ಹೊರಗುಳಿಯಬೇಕಾಗುತ್ತದೆ, ತಮ್ಮ ಸ್ವಂತ ಆಸ್ತಿಯಿಂದ 500 ಅಡಿಯೊಳಗಿನ ನಿವೇಶನದ ವಿಷಯದಲ್ಲಿಯೂ ಹೆಚ್ಚುಕಡಿಮೆ ಹಾಗೆಯೇ. ನೀವು ಹೆಮ್ಮೆಯಿಂದ ಬರೆದ ಆ ವಾಕ್ಯವನ್ನು ಓದುವ ಕೌನ್ಸಿಲ್ ಸದಸ್ಯರು, ಇವರು ಎಷ್ಟು ವಿಷಯಗಳಲ್ಲಿ ಎದ್ದು ಹೊರಗೆ ಹೋಗಬೇಕಾದೀತು, ಆಗ ಕೋರಂ (ಸಭೆ ನಡೆಸಲು ಬೇಕಾದ ಕನಿಷ್ಠ ಸದಸ್ಯರ ಸಂಖ್ಯೆ) ಉಳಿದೀತೇ ಎಂದು ಲೆಕ್ಕ ಹಾಕುತ್ತಾರೆ. ಗ್ರಾಹಕರು ಬೇರೆ ಊರಿನವರಾಗಿದ್ದರೆ ಅದನ್ನು ಸ್ಪಷ್ಟವಾಗಿ ಬರೆಯಿರಿ. ಇಲ್ಲಿಯವರೇ ಆಗಿದ್ದರೆ, ಬೇರೆ ಕಮಿಷನ್ ನಿಮಗೆ ಹೆಚ್ಚು ಸೂಕ್ತ ಎಂಬುದು ನನ್ನ ಅಭಿಪ್ರಾಯ.

ಆಯ್ಕೆಯ ವಿಧಾನ ನಗರದಿಂದ ನಗರಕ್ಕೆ ಬೇರೆಯಾಗುತ್ತದೆ. ಕೆಲವು ಕಡೆ ಅರ್ಜಿ ಹಾಕಿದ ಎಲ್ಲರಿಗೂ ಸಂದರ್ಶನವಿರುತ್ತದೆ. ಕೆಲವು ಕಡೆ ಪ್ರತಿ ಕೌನ್ಸಿಲ್ ಸದಸ್ಯರು ತಮ್ಮ ಕ್ಷೇತ್ರದಿಂದ ಒಬ್ಬರನ್ನು ಸೂಚಿಸುತ್ತಾರೆ. ಸ್ವಂತ ಚಾರ್ಟರ್ (ನಗರದ ಮೂಲ ನಿಯಮಾವಳಿ) ಇಲ್ಲದೆ ರಾಜ್ಯದ ಸಾಮಾನ್ಯ ಕಾನೂನಿನಡಿ ನಡೆಯುವ ನಗರಗಳಲ್ಲಿ, ಮೇಯರ್ ಹುದ್ದೆಗೆ ನೇರ ಚುನಾವಣೆಯಿದ್ದರೆ, ಸಾಮಾನ್ಯವಾಗಿ ಮೇಯರ್ ನೇಮಿಸುತ್ತಾರೆ, ಕೌನ್ಸಿಲ್ ಅನುಮೋದಿಸುತ್ತದೆ. ಇನ್ನು ಕೆಲವು ಕಡೆ ಇಬ್ಬರು ಸದಸ್ಯರ ತಾತ್ಕಾಲಿಕ ಉಪಸಮಿತಿಯೊಂದು ಅರ್ಜಿಗಳನ್ನು ಸೋಸುತ್ತದೆ. 1953ರ ಬ್ರೌನ್ ಆ್ಯಕ್ಟ್ ಕೌನ್ಸಿಲ್ಲಿನ ಸಭೆಗಳು ಬಹಿರಂಗವಾಗಿರಬೇಕೆಂದು ಹೇಳುತ್ತದೆಯಾದರೂ, ಕೋರಂಗಿಂತ ಕಡಿಮೆ ಸದಸ್ಯರ ಇಂತಹ ತಾತ್ಕಾಲಿಕ ಉಪಸಮಿತಿಗೆ ಅದು ಅನ್ವಯಿಸದ ಕಾರಣ, ಈ ಜರಡಿಯಲ್ಲಿ ಏನು ನಡೆಯಿತೆಂಬುದು ಹೊರಗೆ ಕಾಣುವುದಿಲ್ಲ. ಇದು ನನಗೆ ಸರಿಯೆನಿಸುವುದಿಲ್ಲ. ಆದರೆ ಪೂರ್ಣ ಕೌನ್ಸಿಲ್ ಇಂತಹ ನೇಮಕಗಳ ಬಗ್ಗೆ ಚರ್ಚಿಸುವಾಗ ಬಾಗಿಲು ಮುಚ್ಚುವಂತಿಲ್ಲ, ಏಕೆಂದರೆ ಸಿಬ್ಬಂದಿಯ ವಿಷಯಕ್ಕಾಗಿ ಕಾಯ್ದೆ ಕೊಟ್ಟಿರುವ ಗುಪ್ತಸಭೆಯ ವಿನಾಯಿತಿ ಕಮಿಷನ್ ಸದಸ್ಯರಿಗೆ ಅನ್ವಯಿಸುವುದಿಲ್ಲ. ನಿಮ್ಮ ನಗರದಲ್ಲಿ ಆ ಸಭೆಯ ವಿಡಿಯೊ ಇದ್ದರೆ ಪೂರ್ತಿ ನೋಡಿರಿ. ನನ್ನ ಗುರುತುಗಳು ಹಂಚಿಹೋದ ವಿಷಯ ನನಗೆ ತಿಳಿದದ್ದೂ ನಮ್ಮ ಕೌನ್ಸಿಲ್ಲಿನ ಅಂತಹ ಸಭೆಯಲ್ಲಿ ಕ್ಲರ್ಕ್ ಓದಿ ಹೇಳಿದ ಲೆಕ್ಕದಿಂದಲೇ, ಅದನ್ನು ಕೇಳಿಸಿಕೊಳ್ಳುವ ಮೊದಲು ನಾನು ಇಡೀ ಕೌನ್ಸಿಲ್ಲಿನ ಮೇಲೆ ಇಲ್ಲದ ಸಂಶಯಗಳನ್ನು ಬೆಳೆಸಿಕೊಂಡಿದ್ದೆ.

ಪೌರತ್ವದ ಬಗ್ಗೆಯೂ ಒಂದು ಮಾತು, ನಮ್ಮವರಲ್ಲಿ ಅನೇಕರು ಇದನ್ನು ಕೇಳುತ್ತಾರೆ. 2019ರಲ್ಲಿ ಕಾನೂನಾದ ಎಸ್‌ಬಿ 225 ಎಂಬ ರಾಜ್ಯ ಮಸೂದೆ, ಕ್ಯಾಲಿಫೋರ್ನಿಯಾದಲ್ಲಿ ವಾಸಿಸುವ 18 ವರ್ಷ ತುಂಬಿದವರಿಗೆ, ಪೌರತ್ವವಿಲ್ಲದಿದ್ದರೂ, ನೇಮಕದ ಹುದ್ದೆಗಳನ್ನು ತೆರೆದಿದೆ. ಆದರೂ ‘ನೋಂದಾಯಿತ ಮತದಾರರಾಗಿರಬೇಕು’ ಎಂಬ ಷರತ್ತು ನಿಮ್ಮ ನಗರದ ನಮೂನೆಯಲ್ಲಿ ಕಂಡರೆ ಅರ್ಜಿ ಹಾಕುವ ಮೊದಲೇ ಕ್ಲರ್ಕ್‌ರನ್ನು ಕೇಳಿರಿ. ಅರ್ಜಿ ಸದಸ್ಯರ ಕೈಸೇರುವ ಮೊದಲು ವಾಸಸ್ಥಳ ಮತ್ತು ಅರ್ಹತೆಯ ಷರತ್ತುಗಳನ್ನು ಪರಿಶೀಲಿಸುವವರು ಅವರೇ.

ಕೌನ್ಸಿಲ್ ಸದಸ್ಯರನ್ನು ಮೊದಲೇ ಭೇಟಿಯಾಗುವುದು ವಶೀಲಿಯಾಗುತ್ತದೆ ಎಂಬ ನಿಮ್ಮ ಸಂಕೋಚ ನನಗೂ ಇತ್ತು, ಅದನ್ನು ಬಿಟ್ಟುಬಿಡಿ. ನಿವಾಸಿಯೊಬ್ಬರು ಒಬ್ಬ ಸದಸ್ಯರನ್ನು ಕಂಡು, ತಾನು ಯಾರು, ಈ ಸ್ಥಾನ ಏಕೆ ಬೇಕು ಎಂದು ಹೇಳುವುದನ್ನು ಬ್ರೌನ್ ಆ್ಯಕ್ಟ್ ತಡೆಯುವುದಿಲ್ಲ. ಅದು ತಡೆಯುವುದು, ಬಹುಮತದಷ್ಟು ಸದಸ್ಯರು ಸಭೆಯ ಹೊರಗೆ, ನೇರವಾಗಿಯೋ ಮಧ್ಯವರ್ತಿಯ ಮೂಲಕವೋ, ತಮ್ಮೊಳಗೆ ವಿಷಯವನ್ನು ಚರ್ಚಿಸುವುದನ್ನು. ಆದ್ದರಿಂದ ಒಬ್ಬರ ಅಭಿಪ್ರಾಯವನ್ನು ಇನ್ನೊಬ್ಬರಿಗೆ ಒಯ್ಯಬೇಡಿ, ಅಷ್ಟೇ.

ಎರಡನೆಯ ಸಲ ನಾನು ಟ್ರಾಫಿಕ್ ಕಮಿಷನ್ ಒಂದಕ್ಕೇ ಅರ್ಜಿ ಹಾಕಿದೆ. ಅದಕ್ಕೂ ಮೊದಲು ಹಲವು ತಿಂಗಳು ಅದರ ಸಭೆಗಳಲ್ಲಿ ಹಿಂದಿನ ಸಾಲಿನಲ್ಲಿ ಕುಳಿತು ಕೇಳಿದ್ದೆ. ಶಾಲೆಯೊಂದರ ಮುಂದಿನ ಪಾದಚಾರಿ ದಾಟುವಿಕೆಯ ಬಗ್ಗೆ ಸಿಬ್ಬಂದಿ ಸಲ್ಲಿಸಿದ್ದ ವರದಿಯನ್ನು ಓದಿ, ಅದರಲ್ಲಿ ನಾನು ಒಪ್ಪಿದ್ದೇನು, ಒಪ್ಪದ್ದೇನು ಎಂಬುದನ್ನು ‘ಏಕೆ’ ಎಂಬ ಪ್ರಶ್ನೆಯ ಕೆಳಗೆ ಸರಳವಾಗಿ ಬರೆದೆ. ರೆಸ್ಯೂಮೆಯನ್ನು ಒಂದು ಪುಟಕ್ಕೆ ಇಳಿಸಿದೆ. ಸಂದರ್ಶನಕ್ಕೆ ಕರೆ ಬಂತು, ಅಲ್ಲಿ ಕೇಳಿದ ಪ್ರಶ್ನೆಗಳಲ್ಲಿ ಹೆಚ್ಚಿನವು ಆ ದಾಟುವಿಕೆಯ ಬಗ್ಗೆಯೇ ಇದ್ದವು, ನನ್ನ ವೃತ್ತಿಯ ಬಗ್ಗೆ ಬಹುತೇಕ ಯಾರೂ ಕೇಳಲಿಲ್ಲ. ಆ ಸ್ಥಾನದಲ್ಲಿ ಒಂದು ಪೂರ್ಣ ಅವಧಿ ಸೇವೆ ಸಲ್ಲಿಸಿದೆ, ಅದರಷ್ಟು ತೃಪ್ತಿ ಕೊಟ್ಟ ಸಾರ್ವಜನಿಕ ಕೆಲಸ ಬೇರೆ ಮಾಡಿಲ್ಲ.

ಆದ್ದರಿಂದ ಮರುಪರಿಶೀಲನೆಯ ಮನವಿ ಬರೆಯುವ ಯೋಚನೆಯನ್ನು ಕೈಬಿಡಿ, ಯಾರನ್ನು ಸಂದರ್ಶಿಸಬೇಕೆಂಬುದು ಕೌನ್ಸಿಲ್ಲಿನ ವಿವೇಚನೆಗೆ ಬಿಟ್ಟದ್ದು, ಮನವಿಯಿಂದ ಏನೂ ಬದಲಾಗುವುದಿಲ್ಲ. ರಾಜ್ಯದ ಮ್ಯಾಡಿ ಆ್ಯಕ್ಟ್ ಪ್ರಕಾರ ಪ್ರತಿ ನಗರವೂ ಡಿಸೆಂಬರ್ 31ರೊಳಗೆ, ಮುಂದಿನ ವರ್ಷ ಯಾವ ಯಾವ ಕಮಿಷನ್ ಸ್ಥಾನಗಳ ಅವಧಿ ಮುಗಿಯುತ್ತದೆ, ಈಗ ಅಲ್ಲಿ ಯಾರಿದ್ದಾರೆ, ಬೇಕಾದ ಅರ್ಹತೆಗಳೇನು ಎಂಬ ಪಟ್ಟಿಯನ್ನು ಸಿದ್ಧಪಡಿಸಿ ಸಾರ್ವಜನಿಕರಿಗೆ ಸಿಗುವಂತೆ ಮಾಡಬೇಕು. ನಡುವೆ ಯಾರಾದರೂ ರಾಜೀನಾಮೆ ಕೊಟ್ಟು ಸ್ಥಾನ ತೆರವಾದರೆ 20 ದಿನಗಳೊಳಗೆ ಪ್ರಕಟಣೆ ಹೊರಡಿಸಬೇಕು, ಅದಾದ ಮೇಲೆ ಕನಿಷ್ಠ 10 ಕೆಲಸದ ದಿನಗಳು ಕಳೆಯುವವರೆಗೆ ಅಂತಿಮ ನೇಮಕ ಮಾಡುವಂತಿಲ್ಲ. ಕ್ಲರ್ಕ್ ಕಚೇರಿಯಿಂದ ಆ ಪಟ್ಟಿಯನ್ನು ಪಡೆದು, ನಿಮಗೆ ನಿಜವಾಗಿಯೂ ಬೇಕಾದ ಒಂದು ಸ್ಥಾನವನ್ನು ಆರಿಸಿ, ಆ ಕಮಿಷನ್ನಿನ ಮುಂದಿನ ಸಭೆಯ ದಿನಾಂಕವನ್ನು ಇಂದೇ ಬರೆದಿಟ್ಟುಕೊಳ್ಳಿರಿ.